ಹಳೆಯ ಸೆಲ್‌ಗೆ ಇನ್ನೆಷ್ಟು ಕಸುವಿದೆ? ಇವಿ ಲ್ಯಾಬ್‌ನ ಒಳಗೊಂದು ಸುತ್ತು

ನಮಸ್ಕಾರ. ಪರದೆ ಮೇಲೆ ಕಾಣ್ತಿರೋದು ವಿಶ್ವವಿದ್ಯಾಲಯದ ಇವಿ (ವಿದ್ಯುತ್ ವಾಹನ) ಸಂಶೋಧನಾ ಗುಂಪಿನ ಬ್ಯಾಟರಿ ಲ್ಯಾಬ್. ಕಾರು ಎಲ್ಲಿ ಅಂತ ಹುಡುಕಬೇಡಿ, ಅದು ಆಮೇಲೆ ಬರುತ್ತೆ. ಇಲ್ಲಿನ ಕೆಲಸದ ಬಹುಪಾಲು ನಡೆಯೋದು ಈ ಪುಟ್ಟ ಸೆಲ್ ಸುತ್ತ. ಹೆಸರು 18650: ವ್ಯಾಸ 18 ಮಿ.ಮೀ, ಉದ್ದ 65 ಮಿ.ಮೀ. ವಾಹನದಲ್ಲಿ ದುಡಿದು ಬಂದ ಈ ಸೆಲ್‌ನಲ್ಲಿ ಇನ್ನೆಷ್ಟು ಕಸುವು ಉಳಿದಿದೆ ಅನ್ನೋದೇ ಪ್ರಶ್ನೆ.

ಮೊದಲ ಕೆಲಸ ಕೆಟ್ಟ ಸೆಲ್‌ಗಳನ್ನು ಬೇರ್ಪಡಿಸೋದು. ಮಲ್ಟಿಮೀಟರ್ 2 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಆ ಸೆಲ್ ಪಕ್ಕಕ್ಕೆ. ಅಷ್ಟು ಬರಿದಾದಾಗ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರ ಬೇರೆಲ್ಲೋ ಕೂತು ಶಾರ್ಟ್ ಆಗಬಹುದು. ಉಬ್ಬಿದ, ಸೋರಿದ ಸೆಲ್‌ಗಳನ್ನಂತೂ ಮುಟ್ಟೋದೇ ಬೇಡ.

ಈಗ ಹೋಲ್ಡರ್ ನೋಡಿ. ಪ್ರತಿ ತುದಿಗೂ ಎರಡೆರಡು ವೈರ್. ಒಂದು ಜೋಡಿ ಕರೆಂಟ್ ಹರಿಸೋಕೆ, ಇನ್ನೊಂದು ವೋಲ್ಟೇಜ್ ಅಳೆಯೋಕೆ ಮಾತ್ರ. ಇದು ಯಾಕೆ ಬೇಕು ಅಂತ ಲೆಕ್ಕ ಹಾಕೋಣ. 2.5 ಆಂಪಿಯರ್ ಪಲ್ಸ್ ಅನ್ನು 10 ಸೆಕೆಂಡ್ ಕೊಟ್ಟಾಗ ವೋಲ್ಟೇಜ್ 3.70ರಿಂದ 3.60ಕ್ಕೆ ಇಳಿಯಿತು ಅಂದ್ಕೊಳ್ಳಿ. 0.1 ಭಾಗಿಸು 2.5, ಅಂದ್ರೆ ಒಳರೋಧ (ಕರೆಂಟಿಗೆ ಸೆಲ್‌ನ ಒಳಗೇ ಇರೋ ತಡೆ) 40 ಮಿಲಿಓಮ್. ಎರಡೇ ವೈರ್ ಇದ್ದು, ಸಡಿಲ ಕ್ಲಿಪ್‌ನದ್ದೇ 10 ಮಿಲಿಓಮ್ ಸೇರಿಕೊಂಡರೆ? ಒಳ್ಳೆ ಸೆಲ್ ಕೂಡ ರೋಧ 25 ಪರ್ಸೆಂಟ್ ಏರಿ ಮುದಿಯಾದಂತೆ ಕಾಣುತ್ತೆ. ವಿಚಿತ್ರ ರಿಸಲ್ಟ್ ಬಂದಾಗ ರಸಾಯನಶಾಸ್ತ್ರವನ್ನು ದೂರೋ ಮೊದಲು ಕ್ಲಿಪ್ ನೋಡೋದು ಲೇಸು.

ಸೆಲ್ ಮೈಯ ನಡುಭಾಗಕ್ಕೆ ಥರ್ಮೋಕಪಲ್ (ಬಿಸಿ ಅಳೆಯೋ ವೈರ್) ಅಂಟಿಸಿ, 25 ಡಿಗ್ರಿಯ ಚೇಂಬರ್‌ನಲ್ಲಿ ಕೆಲವು ಗಂಟೆ ಬಿಡ್ತಾರೆ. ಚೇಂಬರ್ ಗಾಳಿ 25ಕ್ಕೆ ಬಂದ ಮಾತ್ರಕ್ಕೆ ಸೆಲ್‌ನ ಒಳಗೂ 25 ಆಗಿರಲ್ಲ. ತಣ್ಣಗಿದ್ದರೆ ರೋಧ ಹೆಚ್ಚು, ಕೈಗೆ ಸಿಗೋ ಚಾರ್ಜ್ ಕಡಿಮೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್‌ನ ಋಣ ತುದಿಯ ಗ್ರಾಫೈಟ್ ಒಳಗೆ ಸೇರದೆ ಮೇಲೇ ಲೋಹವಾಗಿ ಕೂರುತ್ತೆ, ಆ ನಷ್ಟದಲ್ಲಿ ಬಹುಪಾಲು ವಾಪಸ್ ಬರಲ್ಲ.

ಇನ್ನು ಸಾಮರ್ಥ್ಯದ ಪರೀಕ್ಷೆ. 2.5 ಆಂಪಿಯರ್-ಅವರ್‌ನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್ ಆದ್ರೆ 1.25 ಆಂಪಿಯರ್‌ನಲ್ಲಿ 4.2 ವೋಲ್ಟ್‌ವರೆಗೆ ಚಾರ್ಜ್. ಆಮೇಲೆ ವೋಲ್ಟೇಜ್ ಅಲ್ಲೇ ಹಿಡಿದು, ಕರೆಂಟ್ 0.125ಕ್ಕೆ ಇಳಿಯೋವರೆಗೆ ಕಾಯೋದು. ಒಂದು ಗಂಟೆ ವಿಶ್ರಾಂತಿ. ಬಳಿಕ ತಯಾರಕರು ಹೇಳಿದ ಕೆಳಮಿತಿವರೆಗೆ ಡಿಸ್ಚಾರ್ಜ್. ಹೊರಬಂದದ್ದು 2.0 ಆದ್ರೆ, ಹೊಸದರ 80 ಪರ್ಸೆಂಟ್. ಕಾರಿನ ಮಟ್ಟಿಗೆ ನಿವೃತ್ತಿ ಅಂತ ಸಾಮಾನ್ಯವಾಗಿ ಹಿಡಿಯೋದು ಇಲ್ಲೇ. ಒಂದು ಎಚ್ಚರ: ಇನ್ನೊಂದು ಬಗೆಯಾದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ನ ಮೇಲ್ಮಿತಿ 3.65 ವೋಲ್ಟ್. 4.2 ವೋಲ್ಟ್‌ನ ಹಿಂದಿನ ಪ್ರೋಗ್ರಾಮ್ ಬದಲಿಸದೆ ಸ್ಟಾರ್ಟ್ ಒತ್ತಿದರೆ ಸೆಲ್ ಕೆಡುತ್ತೆ.

ಎಲ್‌ಎಫ್‌ಪಿಯಲ್ಲಿ ಇನ್ನೊಂದು ತಲೆನೋವು. ಚಾರ್ಜ್ 30 ಪರ್ಸೆಂಟ್ ಇರಲಿ 70 ಇರಲಿ, ವೋಲ್ಟೇಜ್ 3.3ರ ಆಸುಪಾಸಿನಲ್ಲೇ. ಹಾಗಾಗಿ ಒಳಹೋದ, ಹೊರಬಂದ ಕರೆಂಟನ್ನೇ ಕೂಡಿಸಿ ಕಳೆದು ಶೇಕಡಾ ಹೇಳಬೇಕು. ಸೆನ್ಸರ್ 0.1 ಆಂಪಿಯರ್ ತಪ್ಪಿದರೂ 24 ಗಂಟೆಯಲ್ಲಿ 2.4 ಆಂಪಿಯರ್-ಅವರ್ ಎಡವಟ್ಟು. ಆಗಾಗ ಪೂರ್ತಿ ಚಾರ್ಜ್ ಮಾಡಿ ಅಂತ ಕಾರು ತಯಾರಕರು ಹೇಳೋದು ಈ ಲೆಕ್ಕ ಸರಿಮಾಡಿಕೊಳ್ಳೋಕೆ.

ಸರಿ, ಕಾರು. ಕಾರಿನ ಡೇಟಾ ದಾಖಲಿಸೋ ಲಾಗರ್ ಜೋಡಿಸೋ ಮೊದಲು ಎಲ್ಲ ಪವರ್ ಆಫ್ ಮಾಡಿ, ಕಾರಿನೊಳಗಿನ ಡೇಟಾ ಜಾಲವಾದ ಕ್ಯಾನ್‌ನ ಎರಡು ವೈರ್, ಅಂದ್ರೆ ಕ್ಯಾನ್-ಹೈ, ಕ್ಯಾನ್-ಲೋ ನಡುವೆ ರೋಧ ಅಳೀರಿ. 60 ಓಮ್ ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಶನ್ (ಜಾಲದ ತುದಿಯಲ್ಲಿರೋ 120 ಓಮ್ ರೋಧಕ) ಇಲ್ಲ. 40 ಬಂದರೆ ಒಂದು ಹೆಚ್ಚಾಗಿದೆ, ಬಹುಶಃ ನಿಮ್ಮ ಲಾಗರ್‌ನದ್ದೇ. ಡೇಟಾ ಬಂದ ಮೇಲೆ ಕರೆಂಟ್‌ನ ಚಿಹ್ನೆ ನೋಡಿ: ಒಂದು ವಾಹನದಲ್ಲಿ ಪ್ಲಸ್ ಅಂದ್ರೆ ಡಿಸ್ಚಾರ್ಜ್, ಇನ್ನೊಂದರಲ್ಲಿ ಚಾರ್ಜ್. ಆಕ್ಸಿಲರೇಟರ್ ಬಿಟ್ಟಾಗ ಅದು ಯಾವ ಕಡೆ ತಿರುಗುತ್ತೆ ಅಂತ ನೋಡಿದರೆ ಗೊತ್ತಾಗುತ್ತೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮಾತ್ರ ಇದನ್ನು ಮಾಡಬೇಡಿ, ರೀಜನ್, ಅಂದ್ರೆ ವೇಗ ಇಳಿಯುವಾಗ ಮೋಟಾರ್ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬೋದು, ಆಗ ಕೆಲಸ ಮಾಡದೇ ಇರಬಹುದು.

ಕೊನೆಗೆ ಕಿಲೋಮೀಟರಿಗೆ ಎಷ್ಟು ವಾಟ್-ಅವರ್ ಅನ್ನೋ ಲೆಕ್ಕ. ಗೋಡೆಯ ಮೀಟರ್‌ನಲ್ಲಿ ಹೋದದ್ದಕ್ಕಿಂತ ಬ್ಯಾಟರಿಗೆ ಸೇರಿದ್ದು ಕಡಿಮೆ. ಚಾರ್ಜರ್ ಬಿಸಿ, ಕೂಲಿಂಗ್ ಪಂಪ್ ಎಲ್ಲ ನಡುವೆ ತಿಂದಿರುತ್ತೆ. ವಿದ್ಯುತ್ ಬಿಲ್ಲಿಗೆ ಗೋಡೆಯ ಅಂಕಿ, ರೇಂಜ್‌ಗೆ ಬ್ಯಾಟರಿಯ ಅಂಕಿ. ಗುಂಪಿನ ಲಾಗ್ ಶೀಟ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇರೋದು ಇದಕ್ಕೇ.