ಸೋದರಮಾವನ ದಿಬ್ಬ, ಅಳಿಯನ ದಿಬ್ಬ

ಎಲ್ಲರಿಗೂ ನಮಸ್ಕಾರ.

2006ರಲ್ಲಿ ಉತ್ತರ ಐರ್ಲೆಂಡಿನ ರಾತ್ಲಿನ್ ದ್ವೀಪದಲ್ಲಿ, ಒಂದು ಪಬ್ಬಿನ ಹಿಂದೆ ದಾರಿ ಮಾಡಲು ನೆಲ ಅಗೆದರು. ಕಲ್ಲುಚಪ್ಪಡಿಯ ಕೆಳಗೆ ಮನುಷ್ಯರ ಮೂಳೆಗಳು ಸಿಕ್ಕವು. ಅಲ್ಲಿದ್ದ ಮೂವರು ಗಂಡಸರ ಡಿಎನ್‌ಎ ಓದಿದಾಗ ಮೂವರದ್ದೂ ಎಲ್21 ಎಂಬ ವೈ ಕವಲು, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮಿನ ಒಂದು ಕವಲು. ಇವತ್ತಿನ ಐರಿಷ್ ಗಂಡಸರಲ್ಲೂ ಇದೇ ಜಾಸ್ತಿ. ಹಾಗಾಗಿ ಎಲ್21 ಇದ್ದರೆ ನೀವು ಕೆಲ್ಟ್ (ಐರಿಷ್‌ನಂಥ ಭಾಷೆಗಳ ಜನ), ಇನ್ನೊಂದು ಕವಲಾದ ಯು106 ಇದ್ದರೆ ಜರ್ಮನಿಕ್ (ಇಂಗ್ಲಿಷ್, ಜರ್ಮನ್‌ನಂಥ ಭಾಷೆಗಳ ಜನ) ಅಂತ ಹೇಳುವುದು ರೂಢಿಯಾಗಿಬಿಟ್ಟಿದೆ.

ಆದರೆ ಆ ಮೂವರಲ್ಲಿ ಹಳಬ ಬದುಕಿದ್ದು ಕ್ರಿ.ಪೂ. 2000ದ ಹೊತ್ತಿಗೆ. ಗ್ರೀಕರ ಬರಹದಲ್ಲಿ ಕೆಲ್ಟ್ ಎಂಬ ಹೆಸರು ಕಾಣುವುದು ಕ್ರಿ.ಪೂ. 500ರ ಆಸುಪಾಸಿನಲ್ಲಿ. ಯು106 ಕೂಡ ಜರ್ಮನಿಕ್ ಭಾಷೆಗಿಂತ ಎಷ್ಟೋ ಹಳೆಯದು. ಕೆಲ್ಟ್, ಜರ್ಮನಿಕ್ ಎನ್ನುವವು ಇವತ್ತು ಮುಖ್ಯವಾಗಿ ಭಾಷಾ ಗುಂಪುಗಳ ಹೆಸರುಗಳು. ರಕ್ತಕ್ಕೆ ಆ ಹೆಸರು ಅಂಟಿಸಿದವರು ನಾವು.

ಇನ್ನೊಂದು ಲೆಕ್ಕ ನೋಡಿ. ಹತ್ತು ತಲೆಮಾರು ಹಿಂದೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1,024 ಜಾಗಗಳಿರುತ್ತವೆ. ವೈ ಕ್ರೋಮೋಸೋಮ್ ಹೇಳುವುದು ಅದರಲ್ಲಿ ಒಬ್ಬನ ಕಥೆ ಮಾತ್ರ. ಉಳಿದವರೂ ನಮ್ಮವರೇ ಅಲ್ವಾ?

ಅದಕ್ಕೇ ಈಗ ಸಂಶೋಧಕರು ಇಡೀ ಜೀನೋಮ್, ಅಂದರೆ ಅಪ್ಪ-ಅಮ್ಮ ಇಬ್ಬರಿಂದಲೂ ಬಂದ ಡಿಎನ್‌ಎಯನ್ನೆಲ್ಲ, ಓದುತ್ತಾರೆ. 2022ರ ಒಂದು ಅಧ್ಯಯನದ ಪ್ರಕಾರ, ಆಂಗ್ಲೋ-ಸ್ಯಾಕ್ಸನ್ ಕಾಲದಲ್ಲಿ (ರೋಮನ್ನರ ಆಳ್ವಿಕೆ ಮುಗಿದ ನಂತರದ ಶತಮಾನಗಳಲ್ಲಿ) ಇಂಗ್ಲೆಂಡಿನ ಪೂರ್ವ ಮತ್ತು ದಕ್ಷಿಣ ಭಾಗದಲ್ಲಿದ್ದವರ ಮೂಲದಲ್ಲಿ ಸರಾಸರಿ ಶೇ. 76 ಪಾಲು ಉತ್ತರ ಸಮುದ್ರದ ಆಚೆಯಿಂದ ಬಂದದ್ದು. ಬಂದವರೂ ಮೊದಲಿದ್ದವರೂ ಒಂದೇ ಸ್ಮಶಾನದಲ್ಲಿ ಮಲಗಿದ್ದಾರೆ. ಒಬ್ಬರಲ್ಲಿ ಒಬ್ಬರು ಮದುವೆಯೂ ಆಗಿದ್ದಾರೆ.

ನನಗೆ ತುಂಬಾ ಇಷ್ಟವಾದದ್ದು ದಕ್ಷಿಣ ಜರ್ಮನಿಯ ಹೊಖ್‌ಡಾರ್ಫ್. ಅಲ್ಲಿನ ಮಣ್ಣಿನ ದಿಬ್ಬದೊಳಗೆ ಕ್ರಿ.ಪೂ. 6ನೇ ಶತಮಾನದ ಒಬ್ಬ ಕೆಲ್ಟ್ ಒಡೆಯ ಕಂಚಿನ ಮಂಚದ ಮೇಲೆ ಮಲಗಿದ್ದ. ಪಕ್ಕದಲ್ಲಿ ನಾಲ್ಕು ಗಾಲಿಯ ಬಂಡಿ. ಚಪ್ಪಲಿಗೂ ಚಿನ್ನದ ತಗಡು. ಜೇನಿನ ಮದ್ಯ ತುಂಬಿದ್ದ ದೊಡ್ಡ ಕಂಚಿನ ಹಂಡೆ. ಸುಮಾರು ಹತ್ತು ಕಿಲೋಮೀಟರ್ ದೂರದ ಅಸ್ಪೆರ್ಗ್‌ನಲ್ಲಿ ಅಂಥದೇ ಇನ್ನೊಂದು ದಿಬ್ಬವಿದೆ. ಇವರಿಬ್ಬರಿಗೂ ಏನು ನಂಟು? 2024ರಲ್ಲಿ ಉತ್ತರ ಸಿಕ್ಕಿತು. ಹೊಖ್‌ಡಾರ್ಫ್‌ನವನ ಅಕ್ಕನದೋ ತಂಗಿಯದೋ ಮಗ ಅಸ್ಪೆರ್ಗ್‌ನವನು ಎಂಬುದೇ ಡಿಎನ್‌ಎಗೂ ಕಾಲಗಣನೆಗೂ ಚೆನ್ನಾಗಿ ಹೊಂದುವ ವಿವರಣೆ. ಇಂಗ್ಲಿಷಿನಲ್ಲಿ ಅಂಕಲ್ ಅಂದರೆ ಯಾವ ಕಡೆಯವನು ಅಂತ ಮತ್ತೆ ಕೇಳಬೇಕು. ನಮಗೆ ಒಂದು ಪದ ಸಾಕು: ಸೋದರಮಾವ.

ವೈ ಕ್ರೋಮೋಸೋಮ್ ಒಂದನ್ನೇ ನೋಡುತ್ತಾ ಕೂತಿದ್ದರೆ ಈ ನಂಟು ಕಾಣುತ್ತಲೇ ಇರಲಿಲ್ಲ. ಅಳಿಯನಿಗೆ ವೈ ಬರುವುದು ಅವನ ಅಪ್ಪನಿಂದ. ಮಾವ-ಅಳಿಯರನ್ನು ಜೋಡಿಸಿದ್ದು ನಡುವಿನ ಆ ಹೆಣ್ಣುಮಗಳು. ಅವಳ ಸಮಾಧಿ ಸಿಕ್ಕಿಲ್ಲ. ಆದರೂ ಅವಳು ಇದ್ದಳು ಅಂತ ಇವರಿಬ್ಬರ ಮೂಳೆಗಳೇ ಹೇಳುತ್ತಿವೆ.

ಬ್ರಿಟನ್ನಿನ ಡಾರ್ಸೆಟ್‌ನಲ್ಲೂ ಇಂಥದೇ ಮಾತು. ಸುಮಾರು 2,000 ವರ್ಷ ಹಳೆಯ ಒಂದು ಸ್ಮಶಾನದ ಡಿಎನ್‌ಎ ವಿವರ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಿನವರು ತಾಯಿಯ ಕಡೆಯಿಂದ ಒಂದೇ ವಂಶದ ಎಳೆಗೆ ಸೇರಿದವರು. ಗಂಡಸರ ವೈ ಕವಲುಗಳು ಮಾತ್ರ ಬೇರೆ ಬೇರೆ. ಹೆಣ್ಣುಮಕ್ಕಳು ಹುಟ್ಟಿದೂರಲ್ಲೇ ಉಳಿದಿದ್ದರು. ಮದುವೆಯಾಗಿ ಹೊರಗಿನಿಂದ ಬಂದವರು ಗಂಡಂದಿರು, ನಮ್ಮ ಮಾತಲ್ಲಿ ಹೇಳುವುದಾದರೆ ಮನೆಯಳಿಯಂದಿರು.