ಡ್ಯಾಂ ಎಷ್ಟು ಅಡಿ ಐತೆ ನೋಡ್ರಿ, ಆಮೇಲೆ ಆನೆ ನೋಡೋಕೆ ಹೊರಡ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆ ಗದ್ದೆ ಮಾಡೋರ ಮನೇಲಿ ಬೆಳಿಗ್ಗೆ ಎದ್ದರೆ ಕೇಳೋ ಮಾತು ಒಂದೈತೆ: "ಡ್ಯಾಂ ಎಷ್ಟು ಅಡಿ ಐತೆ?" ಭದ್ರಾ ಡ್ಯಾಂ 186 ಅಡಿ ಮುಟ್ಟಿದರೆ ಬೇಸಿಗೆ ಭತ್ತದ ಆಸೆ ಗಟ್ಟಿ. ಮುಟ್ಟದಿದ್ದರೆ ಜನವರಿ ಪೂರ್ತಿ ನಾಲೆ ನೀರಿನದೇ ಮಾತು. ಇವತ್ತು ಆ ಅಂಕಿಯನ್ನ ಇನ್ನೊಂದು ಕೆಲಸಕ್ಕೆ ಬಳಸೋದು ಹೇಗೆ ಅಂತ ಹೇಳ್ತೀನಿ. ಕಾಡಾನೆ ನೋಡೋಕೆ ಜೀಪ್ ಸಫಾರಿಗೆ ಯಾವಾಗ ಹೋಗಬೇಕು ಅನ್ನೋದಕ್ಕೆ ನಮ್ಮ ಜಿಲ್ಲೆಯವರಿಗೆ ಅದಕ್ಕಿಂತ ಒಳ್ಳೆ ಪಂಚಾಂಗ ಬೇರೆ ಇಲ್ಲ.

ಲಕ್ಕವಳ್ಳಿಯ ಆ ಡ್ಯಾಂ ಹಿಂದೆ ನಿಂತಿರೋ ನೀರಿನ ಸುತ್ತ ಇರೋದು ಭದ್ರಾ ಕಾಡು. 1998ರಿಂದ ಹುಲಿ ಯೋಜನೆಗೆ ಸೇರಿದ ಕಾಡು. ಮಳೆಗಾಲ ಮುಗಿಯೋ ಹೊತ್ತಿಗೆ ಡ್ಯಾಂ ತುಂಬಿದಾಗ ನೀರು ಮರದ ಬುಡಕ್ಕೇ ಬಂದು ನಿಂತಿರ್ತದೆ. ದಡ ಅನ್ನೋದೇ ಇರಲ್ಲ. ಕಾಡಿನ ಒಳಗೆ ಹಳ್ಳ, ಗುಂಡಿ ಎಲ್ಲಾ ಕಡೆ ನೀರು, ಎಲ್ಲಾ ಕಡೆ ಹಸಿರು. ಆನೆ ಹೊರಗೆ ಬರೋಕೆ ಕಾರಣವೇ ಇಲ್ಲ. ಜನವರಿಯಿಂದ ಬಲದಂಡೆ, ಎಡದಂಡೆ ನಾಲೆಗೆ ನೀರು ಬಿಡ್ತಾರಲ್ಲ, ಆವಾಗ ಹಿನ್ನೀರು ದಿನದಿನಕ್ಕೆ ಹಿಂದೆ ಸರೀತದೆ. ಬಿಟ್ಟುಹೋದ ಹಸಿ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರ್ತದೆ. ಅದೇ ಹೊತ್ತಿಗೆ ಕಾಡಿನ ಒಳಗಿನ ಹುಲ್ಲು ಒಣಗಿ ಕಡ್ಡಿ ಆಗಿರ್ತದೆ, ಹಳ್ಳ ಬತ್ತಿರ್ತವೆ. ಹುಲ್ಲು, ನೀರು ಎರಡೂ ಒಂದೇ ಕಡೆ ಸಿಗೋದು ಹಿನ್ನೀರಿನ ದಂಡೇಲಿ ಮಾತ್ರ. ಹಿಂಡು ಅಲ್ಲಿಗೆ ಬರ್ತದೆ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಗೆ ನೂರಾರು ಆನೆ ಸೇರ್ತವೆ ಅಂತ ಕೇಳಿದ್ದೀರಲ್ಲ, ಅಲ್ಲಿಯೂ ಆಗೋದು ಇದೇ. ನಮ್ಮ ಗದ್ದೆಗೆ ಹರಿದ ನೀರು ಖಾಲಿ ಮಾಡಿಕೊಟ್ಟ ಜಾಗದಲ್ಲೇ ಆನೆ ಮೇಯೋದು.

ಹಾಗಾಗಿ ನನ್ನ ಲೆಕ್ಕ ಹೀಗೆ: ಶಿವರಾತ್ರಿ ಕಳೀಲಿ, ಡ್ಯಾಂ ಮಟ್ಟ ಚೆನ್ನಾಗಿ ಇಳೀಲಿ, ಆಗ ಹೊರಡ್ರಿ. ಯುಗಾದಿ ಆಸುಪಾಸು ಬಲು ಒಳ್ಳೇದು. ಭರಣಿ ಮಳೆ, ಕೃತ್ತಿಕಾ ಮಳೆ ಜೋರಾಗಿ ಎರಡು ಸಲ ಹೊಡೀತು ಅಂದರೆ ಕಾಡಿನ ಒಳಗೇ ಚಿಗುರು ಬರ್ತದೆ, ಹಿಂಡು ಚದುರ್ತದೆ. ದಸರಾ ರಜೆಯಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿ, ಒಂದೂ ಕಾಣದೆ ವಾಪಸ್ ಬಂದು "ಅಲ್ಲಿ ಆನೆಯೇ ಇಲ್ಲ" ಅನ್ನೋರು ನಮ್ಮಲ್ಲಿ ಬಹಳ. ಆನೆ ಇರ್ತವೆ. ಆಗ ಅವಕ್ಕೆ ದಂಡೆಗೆ ಬರೋ ಅಗತ್ಯ ಇರಲ್ಲ, ಅಷ್ಟೇ. 2023ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 6,395 ಕಾಡಾನೆ ಇದಾವೆ, ದೇಶದಲ್ಲೇ ನಮ್ಮಲ್ಲಿ ಹೆಚ್ಚು.

ಶಿವಮೊಗ್ಗ ಹತ್ತಿರದ ಸಕ್ರೆಬೈಲಿನಲ್ಲಿ ಆನೆ ನೋಡಿದ್ದೀವಲ್ಲ ಅಂತೀರಿ. ಅಲ್ಲಿರೋವು ಬಿಡಾರದ ಸಾಕಾನೆ, ಮಾವುತರ ಮಾತು ಕೇಳೋವು. ಮಕ್ಕಳಿಗೆ ತೋರಿಸೋಕೆ ಒಳ್ಳೇ ಜಾಗ. ಆದರೆ ಆನೆ ತನ್ನ ಪಾಡಿಗೆ ತಾನು ಹೇಗೆ ಬದುಕ್ತದೆ, ಮರಿಯನ್ನ ಹೇಗೆ ನಡುವೆ ಇಟ್ಟುಕೊಂಡು ನಡೀತದೆ ಅನ್ನೋದನ್ನ ಕಾಡಲ್ಲೇ ನೋಡಬೇಕು.

ಸಫಾರಿಗೆ ಲಕ್ಕವಳ್ಳಿಗೆ ಹೋಗಬೇಕು, ದಾವಣಗೆರೆಯಿಂದ ಚನ್ನಗಿರಿ, ಭದ್ರಾವತಿ ಮೇಲೆ ಹೋಗ್ರಿ. ಚಿತ್ರದುರ್ಗದವರಿಗೆ ಹೊಸದುರ್ಗ, ಅಜ್ಜಂಪುರ, ತರೀಕೆರೆ ದಾರಿ ಐತೆ. ಸಫಾರಿ ಬೆಳಿಗ್ಗೆ ಒಂದು, ಸಂಜೆ ಒಂದು. ಸೀಟು ಮೊದಲೇ ಬುಕ್ ಮಾಡ್ರಿ, ಹಿಂದಿನ ದಿನ ಫೋನ್ ಮಾಡಿ ಇನ್ನೊಂದು ಸಲ ಕೇಳ್ರಿ. ಬೆಂಕಿ ಬಿದ್ದಾಗ, ಮಳೆ ಜೋರಾದಾಗ ಸಫಾರಿ ನಿಲ್ಲಿಸ್ತಾರೆ. ಬಂಡೀಪುರ, ನಾಗರಹೊಳೆಯಲ್ಲಿ 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಾದ ಮೇಲೆ ಸಫಾರಿಯನ್ನೇ ನಿಲ್ಲಿಸಿದ್ದರು. ಅಷ್ಟು ದೂರ ಹೋಗಿ ಗೇಟ್ ಮುಂದೆ ನಿಲ್ಲೋದಕ್ಕಿಂತ ಒಂದು ಫೋನ್ ವಾಸಿ.

ಆನೆಗೆ ಸಂಜೆಯ ಸಫಾರಿನೇ ಆರಿಸ್ರಿ. ನಡುಮಧ್ಯಾಹ್ನದ ಬಿಸಿಲಿಗೆ ಹಿಂಡು ಬಿದಿರುಮೆಳೆ ನೆರಳಲ್ಲಿ ನಿಂತಿರ್ತದೆ, ಬಿಸಿಲು ಇಳಿದ ಮೇಲೆ ನೀರಿನ ಕಡೆ ಹೊರಡ್ತದೆ. ಬೆಳಗಿನ ಸಫಾರಿ ಹಕ್ಕಿ ನೋಡೋರಿಗೆ ಚಂದ.

ಬಟ್ಟೆ ಹಸಿರು, ಕಂದು, ಮಣ್ಣಿನ ಬಣ್ಣದ್ದಿರಲಿ. ಸೆಂಟ್ ಹಾಕ್ಕೋಬೇಡ್ರಿ, ಆನೆಗೆ ಕಣ್ಣಿಗಿಂತ ಮೂಗು ಚುರುಕು. ಬೇಸಿಗೆ ಧೂಳು ವಿಪರೀತ, ಮೂಗಿಗೆ ಒಂದು ಟವೆಲ್ ಇರಲಿ. ಬೆನ್ನುನೋವು ಇರೋರು, ವಯಸ್ಸಾದೋರು ಹಿಂದಿನ ಸೀಟಲ್ಲಿ ಕೂರಬೇಡ್ರಿ, ಹಿಂದಿನ ಗಾಲಿ ಮೇಲೆ ಕೂತೋರಿಗೇ ಎತ್ತಾಟ ಹೆಚ್ಚು. ಬೈನಾಕ್ಯುಲರ್ ಇದ್ದರೆ ಎಂಟು ಪಟ್ಟು ದೊಡ್ಡದು ಮಾಡೋದು ಸಾಕು, ಅದಕ್ಕಿಂತ ಹೆಚ್ಚಿನದ್ದು ಜೀಪಿನಲ್ಲಿ ಕೈ ನಡುಗಿ ಏನೂ ಕಾಣಲ್ಲ. ಮಂಡಕ್ಕಿ, ಚಿಪ್ಸ್ ಪೊಟ್ಟಣ ಕಾರಲ್ಲೇ ಬಿಟ್ಟು ಹೋಗ್ರಿ. ಬೀಡಿ, ಬೆಂಕಿಪೊಟ್ಟಣವಂತೂ ಬೇಡವೇ ಬೇಡ, ಫೆಬ್ರವರಿ, ಮಾರ್ಚ್‌ನಲ್ಲಿ ಆ ಕಾಡಿನ ನೆಲ ಪೂರ್ತಿ ತೇಗದ ಒಣ ಎಲೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಜೀಪ್ ಹತ್ತಿದ ತಕ್ಷಣ ನಮ್ಮವರು ಡ್ರೈವರ್‌ಗೆ ಹೇಳೋದು "ಅಣ್ಣಾ, ಹೆಂಗಾದ್ರೂ ಮಾಡಿ ಹುಲಿ ತೋರ್ಸು." ಆ ಒಂದು ಮಾತಿಗೆ ಸಫಾರಿ ಕೆಡ್ತದೆ. ಡ್ರೈವರ್ ಇದ್ದಬದ್ದ ದಾರಿಯೆಲ್ಲಾ ಸುತ್ತೋಕೆ ಶುರು ಮಾಡ್ತಾನೆ. ಎರಡು ಗಂಟೆಯೊಳಗಿನ ಸುತ್ತಿನಲ್ಲಿ ಓಡಾಟವೇ ಮುಗಿಯೋದಿಲ್ಲ. ಆನೆ ನೋಡೋಕೆ ಬೇಕಾದ್ದು ನಿಲ್ಲೋದು. ನೀವು ಹೀಗೆ ಕೇಳ್ರಿ: "ಅಣ್ಣಾ, ನಮಗೆ ಆನೆ ಸಾಕು. ಹಿನ್ನೀರಿನ ಕಡೆ ಇಪ್ಪತ್ತು ನಿಮಿಷ ಎಂಜಿನ್ ಆಫ್ ಮಾಡಿ ನಿಲ್ಲಿಸು." ಹೀಗೆ ಕೇಳೋ ಗಿರಾಕಿ ಸಿಕ್ಕಿದರೆ ಡ್ರೈವರ್‌ಗೂ ನೆಮ್ಮದಿ. ಅವರಿಗೆ ಕಾಡು ಗೊತ್ತು, ಹೇಳಿಸಿಕೊಳ್ಳೋ ವ್ಯವಧಾನ ನಮಗೆ ಇರಬೇಕು.

ಎಂಜಿನ್ ನಿಂತ ಮೇಲೆ ಎರಡು ನಿಮಿಷ ಏನೂ ಇಲ್ಲ ಅನಿಸ್ತದೆ. ಆಮೇಲೆ ಬಿದಿರು ಲಟಲಟ ಮುರಿಯೋ ಸದ್ದು ಬರ್ತದೆ. ಆ ಕಡೆ ನೋಡಿದರೂ ಆನೆ ಕಾಣಲ್ಲ. ಅಷ್ಟು ದೊಡ್ಡ ಪ್ರಾಣಿ ಮೆಳೆಯ ಹಿಂದೆ ಮೂವತ್ತು ಅಡಿಯಲ್ಲಿ ನಿಂತರೂ ಬಂಡೆ ಥರ ಕಾಣ್ತದೆ. ಪೂರ್ತಿ ಆನೆ ಹುಡುಕಬೇಡ್ರಿ, ಬೀಸೋ ಕಿವಿಯನ್ನ ಹುಡುಕ್ರಿ, ಬಾಲದ ತುದಿ ಹುಡುಕ್ರಿ. ಹಸಿರಿನ ನಡುವೆ ಒಂದೇ ತಾಳದಲ್ಲಿ ಅಲುಗೋದು ಅವೆರಡೇ.

ದಾರಿ ಮೇಲೆ ಲದ್ದಿ ಕಂಡರೆ ಜೀಪ್ ನಿಧಾನ ಮಾಡಿಸ್ರಿ. ಹಸಿರಾಗಿ, ತೇವ ಇದ್ದು ನೊಣ ಮುತ್ತಿದ್ದರೆ ಹಿಂಡು ಹತ್ತಿರದಲ್ಲೇ ಐತೆ. ಒಣಗಿ ಗೆದ್ದಲು ಹಿಡಿದಿದ್ದರೆ ಹೋಗಿ ದಿನಗಳಾಯ್ತು. ಮರದ ಬೊಡ್ಡೆಗೆ ಕೆಸರು ಮೆತ್ತಿದ್ದರೆ ಅದು ಆನೆ ಮೈ ಉಜ್ಜಿದ್ದು, ಕೆಸರು ಎಷ್ಟು ಎತ್ತರಕ್ಕೆ ಐತೆ ನೋಡ್ರಿ, ಆನೆ ಎಷ್ಟು ಎತ್ತರ ಅಂತ ಅಂದಾಜು ಸಿಗ್ತದೆ. ಧೂಳಲ್ಲಿ ಹೆಜ್ಜೆ ಇದ್ದರೆ ಇನ್ನೂ ಸರಿಯಾದ ಲೆಕ್ಕ ಸಿಗ್ತದೆ. ದುಂಡಗೆ ಇರೋದು ಮುಂಗಾಲು, ಉದ್ದುದ್ದ ಇರೋದು ಹಿಂಗಾಲು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನ ಎರಡರಿಂದ ಗುಣಿಸಿದರೆ ಭುಜದ ತನಕದ ಎತ್ತರ. ಸುತ್ತಳತೆ ನಾಲ್ಕು ಅಡಿ ಇದ್ದರೆ ಎಂಟು ಅಡಿಯ ಆನೆ. ಮಕ್ಕಳಿಗೆ ಇದನ್ನ ಹೇಳಿಕೊಡ್ರಿ, ಮಗ್ಗಿಗಿಂತ ಬೇಗ ಕಲೀತಾರೆ. ಆದರೆ ಅಳೆಯೋಕೆ ಅಂತ ಜೀಪಿನಿಂದ ಇಳಿಯೋ ಹಾಗಿಲ್ಲ, ಕಣ್ಣಳತೆ ಸಾಕು.

ಹಿಂಡಿನ ಮುಂದಾಳು ವಯಸ್ಸಾದ ಹೆಣ್ಣಾನೆ. ಅದರ ಮಕ್ಕಳು, ತಂಗಿಯರು, ಮೊಮ್ಮಕ್ಕಳು ಜೊತೆಗಿರ್ತಾರೆ. ಗಂಡುಮರಿ ಹರೆಯಕ್ಕೆ ಬಂದ ಮೇಲೆ ಹಿಂಡು ಬಿಡ್ತದೆ. ನಮ್ಮ ಕಡೆ ಹೆಣ್ಣಾನೆಗೆ ಉದ್ದ ದಂತ ಇರಲ್ಲ. ದಂತ ಇಲ್ಲದ್ದೆಲ್ಲಾ ಹೆಣ್ಣು ಅಂತಲೂ ಅಲ್ಲ, ದಂತ ಬರದ ಗಂಡಾನೆಯೂ ಐತೆ, ಅದನ್ನ ಮಖನಾ ಅಂತಾರೆ. ಒಂಟಿ ಸಲಗ ಕಂಡರೆ ಕಣ್ಣು, ಕಿವಿ ನಡುವೆ ಕೆನ್ನೆ ಮೇಲೆ ಎಣ್ಣೆ ಸುರಿದ ಹಾಗೆ ಕಪ್ಪು ಪಟ್ಟೆ ಇಳಿದಿದೆಯಾ ನೋಡ್ರಿ. ಇದ್ದರೆ ಅದು ಮದದಲ್ಲಿರೋ ಆನೆ. ಅಲ್ಲಿ ಫೋಟೋ ಹಠ ಬೇಡ, ಡ್ರೈವರ್ ಹಿಂದಕ್ಕೆ ತಗೊಂಡರೆ ತಗೊಳ್ಳಲಿ.

ಆನೆ ಆರಾಮಾಗಿದ್ದರೆ ಕಿವಿ ಬೀಸ್ತಾ ಇರ್ತದೆ, ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗೆ ಇಡ್ತದೆ. ಆ ಬಡಿಯೋ ಸದ್ದು ಕೇಳಿಸುವಷ್ಟು ಮೌನ ಜೀಪಿನಲ್ಲಿ ಇತ್ತು ಅಂದರೆ ನಿಮ್ಮ ದುಡ್ಡು ಬಂದ ಹಾಗೆ. ಕಿವಿ ಬೀಸೋದು ನಿಂತು ಅಗಲಕ್ಕೆ ತೆರೀತು, ಸೊಂಡಿಲು ನಮ್ಮ ಕಡೆ ಎತ್ತಿ ಮೂಸ್ತು, ಒಂದು ಕಾಲು ಹಿಂದೆ ಮುಂದೆ ತೂಗೋಕೆ ಶುರು ಮಾಡ್ತು ಅಂದರೆ ನಾವು ಹತ್ತಿರ ಆದೆವು ಅಂತ ಅರ್ಥ. ಕಿವಿ ಅಗಲಿಸಿ, ಘೀಳಿಟ್ಟು, ನಾಲ್ಕು ಹೆಜ್ಜೆ ಓಡಿ ಬಂದು ನಿಲ್ಲೋದು ಬಹಳ ಸಲ ಬರೀ ಹೆದರಿಸೋಕೆ. ಸೊಂಡಿಲು ಒಳಗೆ ಸುತ್ತಿಕೊಂಡು, ಸದ್ದಿಲ್ಲದೆ ಬಂದರೆ ನಿಜವಾಗಿ ಬಂತು ಅಂತ. ಎರಡರಲ್ಲೂ ನಮ್ಮ ಕೆಲಸ ಒಂದೇ: ಕೂಗಬಾರದು, ಎದ್ದು ನಿಲ್ಲಬಾರದು, ಇಳೀಬಾರದು.

ಎಡವಟ್ಟು ಹೆಚ್ಚಾಗಿ ಆಗೋದು ಎಲ್ಲಿ ಗೊತ್ತಾ? ಮರಿ ದಾರಿಯ ಈ ಕಡೆ, ತಾಯಿ ಆ ಕಡೆ, ನಡುವೆ ಜೀಪ್. ಇಲ್ಲವಾದರೆ ಮೂರು ಜೀಪ್ ಸೇರಿ ಹಿಂಡು ನೀರಿಗೆ ಹೋಗೋ ದಾರಿಯನ್ನೇ ಕಟ್ಟಿಬಿಡ್ತವೆ. ಎರಡಕ್ಕೂ ಹಿಂದೆ ಇರೋದು "ಇನ್ನೂ ಸ್ವಲ್ಪ ಮುಂದೆ ತಗೊ" ಅನ್ನೋ ನಮ್ಮ ಒತ್ತಾಯವೇ. ನಾವು ಸಫಾರಿಗೆ ಹೋಗಿ ಕಿರಿಕಿರಿ ಮಾಡಿದ ಆನೆ ಮುಂದೆ ಜೀಪ್ ಸದ್ದು ಕೇಳಿದರೆ ಸಾಕು ಕೆರಳ್ತದೆ, ಅದರ ಏಟು ತಿನ್ನೋರು ಕಾಡಂಚಿನ ಊರಿನೋರು. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ಸೀಮೆಗೆ ಬಂದ ಕಾಡಾನೆಯಿಂದ ಒಬ್ಬ ಹುಡುಗಿ ಜೀವ ಕಳ್ಕೊಂಡಳು, ಅದನ್ನ ಹಿಡಿಯೋ ಹೊತ್ತಲ್ಲಿ ಪಶುವೈದ್ಯರೊಬ್ಬರಿಗೆ ಪೆಟ್ಟಾಯ್ತು. ಆನೆ ಅಂದರೆ ನಮಗೂ ದೂರದ ಸಂಗತಿ ಅಲ್ಲ. ಕಿವಿ, ಸೊಂಡಿಲಿನ ಭಾಷೆ ಅಡಿಕೆ ತೋಟಕ್ಕೆ ಹೋಗೋರಿಗೂ ಗೊತ್ತಿರಬೇಕು ಅಂತ ನಾನು ಹೇಳೋದು ಇದಕ್ಕೇ.

ಸಂಜೆ ಸಫಾರಿ ಮುಗಿಸಿ ಊರಿಗೆ ಹೊರಟಾಗ ಕತ್ತಲಾಗಿರ್ತದೆ. ಕಾಡಂಚಿನ ರಸ್ತೆಯಲ್ಲಿ ನಿಧಾನ ಹೋಗ್ರಿ. ಆನೆ ರಸ್ತೆ ದಾಟ್ತಿದ್ದರೆ ದೂರದಲ್ಲೇ ನಿಲ್ಲಿಸಿ, ಲೈಟ್ ಡಿಮ್ ಮಾಡ್ರಿ, ಹಾರ್ನ್ ಮುಟ್ಟಬೇಡ್ರಿ. ದೊಡ್ಡದು ದಾಟಿತು ಅಂತ ಗಾಡಿ ಬಿಡಬೇಡ್ರಿ. ಹಿಂದೆ ಮರಿ ಇರ್ತದೆ, ಮರಿಯ ಹಿಂದೆ ಇನ್ನೊಂದು ದೊಡ್ಡದು ಇರ್ತದೆ. ಮೆಳೆ ಅಲುಗೋದು ಪೂರ್ತಿ ನಿಂತ ಮೇಲೂ ಐದು ನಿಮಿಷ ಹಾಗೇ ಇದ್ದು, ಆಮೇಲೆ ಗೇರ್ ಹಾಕ್ರಿ.