ಸಿ.ಎಸ್.ಎಸ್. ಯಾರದು?

ಕೇಳುಗರಿಗೆ ನಮಸ್ಕಾರ.

ಹಾಸನದಿಂದ ಅರಸೀಕೆರೆ ಮೇಲೆ ರೈಲಿನಲ್ಲಿ ಹೋದರೆ ಕಡೂರು, ಅದಾದ ಮೇಲೆ ಬೀರೂರು. ರೈಲ್ವೆಯವರ ನಿಲ್ದಾಣದ ಕೋಡಿನಲ್ಲಿ ಬೀರೂರು ಅಂದರೆ ಆರ್.ಆರ್.ಬಿ. ಕೆಲಸ ಹುಡುಕುವ ಹುಡುಗರಿಗೆ ಆರ್.ಆರ್.ಬಿ. ಅಂದರೆ ರೈಲ್ವೆ ನೇಮಕಾತಿ ಪರೀಕ್ಷೆ. ಬ್ಯಾಂಕಿನವರಿಗೆ ಗ್ರಾಮೀಣ ಬ್ಯಾಂಕು. ಇಷ್ಟಾದರೂ ಪರೀಕ್ಷೆಗೆ ಹೊರಟವರು ಯಾರೂ ಸುಮ್ನೆ ಬೀರೂರಿನಲ್ಲಿ ಇಳಿದುಬಿಡುವುದಿಲ್ಲ.

ಇದೇ ತರಹದ್ದು ಸಿ.ಎಸ್.ಎಸ್. ನಮ್ಮ ಜಿಲ್ಲಾ ಪಂಚಾಯಿತಿಯಲ್ಲಿ ಕೇಳಿದರೆ, ಕೇಂದ್ರ ಪುರಸ್ಕೃತ ಯೋಜನೆ ಅನ್ನುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಫೈಲುಗಳ ಆ ಕಥೆ ಬಿಡಿ, ಸಮುದ್ರಕ್ಕೆ ಹೋಗೋಣ.

1860–61ರಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದವು. ಕಾನ್ಫೆಡರೇಟ್ ಸ್ಟೇಟ್ಸ್ ಅಂತ ಹೆಸರಿಟ್ಟುಕೊಂಡು ಉತ್ತರದ ರಾಜ್ಯಗಳ ಜೊತೆ ಯುದ್ಧಕ್ಕೆ ನಿಂತವು. ಅವರ ಯುದ್ಧನೌಕೆಗಳ ಹೆಸರಿನ ಮುಂದೆ ಸಿ.ಎಸ್.ಎಸ್. ಅವುಗಳಲ್ಲಿ ಜಾಸ್ತಿ ಹೆಸರು ಮಾಡಿದ್ದು ಅಲಬಾಮಾ. ಕಟ್ಟಿದ್ದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಕ್ಯಾಪ್ಟನ್ ರಾಫೆಲ್ ಸೆಮ್ಸ್. ಎರಡು ವರ್ಷದೊಳಗೆ ಉತ್ತರದವರ 60ಕ್ಕೂ ಹೆಚ್ಚು ಹಡಗುಗಳನ್ನು ಹಿಡಿಯಿತು, ಬಹುಪಾಲನ್ನು ಸುಟ್ಟುಹಾಕಿತು. ಈ ಹಡಗು ನಮ್ಮ ಕಡೆಗೂ ಬಂದಿತ್ತು ಅಂದರೆ ನಂಬುತ್ತೀರಾ? 1864ರ ಜನವರಿಯಲ್ಲಿ ಮಲಬಾರ್ ತೀರದ ಹತ್ತಿರ ಎಮ್ಮಾ ಜೇನ್ ಎಂಬ ಹಡಗನ್ನು ಸುಟ್ಟು, ಸೆರೆಯಾಳುಗಳನ್ನು ಕೇರಳದ ಅಂಜುತೆಂಗಿನಲ್ಲಿ ಇಳಿಸಿ ಹೋಯಿತು. ಅದೇ ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತುಹೋಗಿ, ಧಾರವಾಡದ ಹತ್ತಿಗೆ ಭಾರಿ ಬೆಲೆ ಬಂದಿತ್ತು. 1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬುರ್ ಬಂದರಿನ ಹೊರಗೆ ಉತ್ತರದವರ ಕಿಯರ್ಸಾರ್ಜ್ ನೌಕೆ ಅಲಬಾಮಾವನ್ನು ಮುಳುಗಿಸಿತು. ಹಡಗು ಹೋದರೂ ಜಗಳ ಮುಗಿಯಲಿಲ್ಲ. ಅಂಥ ಹಡಗುಗಳನ್ನು ತಡೆಯದೆ ಬಿಟ್ಟ ತಪ್ಪಿಗೆ ಬ್ರಿಟನ್ 155 ಲಕ್ಷ ಡಾಲರ್ ಕೊಡಬೇಕೆಂದು 1872ರಲ್ಲಿ ಜಿನೀವಾದ ಪಂಚಾಯ್ತಿ ತೀರ್ಪು ಕೊಟ್ಟಿತು.

ಎರಡನೆಯದು ರೈಲು: ಚಿಕಾಗೊ ಸೌತ್ ಶೋರ್. ಚಿಕಾಗೊದಿಂದ ಸೌತ್ ಬೆಂಡ್ ಊರಿಗೆ ಸುಮಾರು 145 ಕಿಲೋಮೀಟರ್. ಇದರ ಗೂಡ್ಸ್ ಕಡೆಯ ಗುರುತು ಇವತ್ತಿಗೂ ಸಿ.ಎಸ್.ಎಸ್. 1925ರಲ್ಲಿ ಇದನ್ನು ಕೊಂಡ ಸ್ಯಾಮ್ಯುಯೆಲ್ ಇನ್ಸಲ್ ಕರೆಂಟು ಕಂಪನಿಗಳ ದೊರೆ. ಮರುವರ್ಷವೇ ಲೈನನ್ನು 1500 ವೋಲ್ಟ್ ಡಿ.ಸಿ.ಗೆ ಬದಲಾಯಿಸಿದರು. ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು ಓಡಿದ ನಮ್ಮ ದೇಶದ ಮೊದಲ ಕರೆಂಟ್ ರೈಲಿಗೂ ಅಷ್ಟೇ ವೋಲ್ಟ್. ಮಿಷಿಗನ್ ಸಿಟಿಯಲ್ಲಿ ಈ ರೈಲು 2022ರವರೆಗೂ ಬೀದಿ ಮಧ್ಯದಲ್ಲೇ, ಕಾರುಗಳ ಜೊತೆಗೆ ಓಡುತ್ತಿತ್ತು! ನಮ್ಮ ಹಾಸನದ ಬಿ.ಎಂ. ರಸ್ತೆಯಲ್ಲಿ ಹಾಗೊಂದು ರೈಲು ಬಂದರೆ ಹೇಗಿರುತ್ತೆ, ನೀವೇ ಯೋಚಿಸಿ.

ಮೂರನೆಯದು ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಗೊತ್ತು: ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್. ನಾರ್ವೆಯ ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್‌ನಲ್ಲಿ ಇದರ ಪ್ರಸ್ತಾಪ ಇಟ್ಟರು, 1996ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿ ಬಂತು. ವೆಬ್ ಪುಟದ ಬರಹ ಒಂದು ಕಡೆ, ಅದರ ಬಣ್ಣ, ಅಕ್ಷರದ ಗಾತ್ರ, ಅಂತರ ಇನ್ನೊಂದು ಕಡೆ. ಒಂದೇ ಸಾಲಿನ ಮೇಲೆ ಎರಡು ನಿಯಮ ಬಿದ್ದರೆ, ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತದೆ. ಎರಡೂ ಸಮ ಆದರೆ ಕೊನೆಗೆ ಬರೆದದ್ದು. ಇದರಲ್ಲಿ ನಮಗೆ ತಟ್ಟುವ ವಿಷಯವೂ ಇದೆ. ಫೋನಿನಲ್ಲಿ ಕನ್ನಡ ಓದುವಾಗ ಕೆಲವು ಕಡೆ ಒತ್ತಕ್ಷರದ ಬುಡ ಕತ್ತರಿಸಿದ ಹಾಗೆ ಕಾಣುತ್ತೆ, ಅಲ್ವಾ? ಎಷ್ಟೋ ಸಲ ಅದು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಇಟ್ಟ ಸಾಲಿನ ಅಂತರ. ಆ ಒಂದು ಅಂಕಿ ಹೆಚ್ಚಿಸಿದರೆ ಸರಿಹೋಗುತ್ತದೆ. ನಮ್ಮ ಊರುಗಳಲ್ಲಿ ವೆಬ್ ಪುಟ ಮಾಡುವವರು ಇಷ್ಟು ನೋಡಿಕೊಂಡರೆ ಒಳ್ಳೆಯದು.

ಹಡಗು, ರೈಲು, ವೆಬ್ ಪುಟ. ಸಿ.ಎಸ್.ಎಸ್. ನಮ್ಮದು ಅಂತ ಇವು ಕಿತ್ತಾಡಲಿಲ್ಲ. ಯಾಕೆಂದರೆ ಮೂರೂ ಒಂದೇ ಗಿರಾಕಿಯನ್ನು ಕರೆಯುವುದಿಲ್ಲ. ಟ್ರೇಡ್‌ಮಾರ್ಕ್ ಕಾನೂನು ಕೂಡ ಹೆಸರನ್ನು ಸರಕು, ಸೇವೆಗಳ ವರ್ಗ ನೋಡಿಯೇ ದಾಖಲು ಮಾಡಿಕೊಳ್ಳುತ್ತದೆ. ಗಿರಾಕಿ ಒಬ್ಬನೇ ಆದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೆ.ಎಸ್.ಆರ್.ಟಿ.ಸಿ.ಯೇ ಇದೆ. ಕೇರಳದ ಸರ್ಕಾರಿ ಬಸ್ಸಿಗೂ ಅದೇ ಹೆಸರು. ಕೇರಳದ್ದು 1965ರಿಂದ, ನಮ್ಮದು 1973ರಿಂದ. ಎರಡೂ ಬೆಂಗಳೂರು–ಕೇರಳದ ರಸ್ತೆಯಲ್ಲಿ ಒಂದೇ ಪ್ರಯಾಣಿಕರನ್ನು ಕರೆಯುವ ಬಸ್ಸು. ಟಿಕೆಟ್ ಆನ್‌ಲೈನ್ ಆದ ಮೇಲಂತೂ ಜಾಲತಾಣದ ಹೆಸರೂ ಜಗಳಕ್ಕೆ ಸೇರಿತು. ಕೊನೆಗೆ, ಕರ್ನಾಟಕದ ಹೆಸರಿನ ನೋಂದಣಿ ರದ್ದು ಮಾಡಿ ಎಂಬ ಕೇರಳದ ಅರ್ಜಿಯನ್ನು 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಳ್ಳಿಹಾಕಿತು. ಅದಾದ ಮೇಲೂ ಎರಡೂ ಬಸ್ಸು ಅದೇ ಹೆಸರಿನಲ್ಲೇ ಓಡುತ್ತಿವೆ.

ನಮಸ್ಕಾರ.